ಗಡ್ಡೆಗೆ ತಟ್ಟಬೇಕು, ಲಿವರ್‌ಗೆ ತಟ್ಟಬಾರದು: ಬ್ಯಾಡಗಿ ಕಡೆಯ ಒಂದು ಪ್ರಕರಣ

ರೋಗಿ ಬ್ಯಾಡಗಿ ಕಡೆಯ ರೈತರು, ವಯಸ್ಸು 58. ಹೊಲದಲ್ಲಿ ಗೋವಿನಜೋಳ, ಒಂದಿಷ್ಟು ಮೆಣಸಿನಕಾಯಿ, ಶೇಂಗಾ. ಗುರುತು ಸಿಗದಿರಲಿ ಅಂತ ಕೆಲವು ವಿವರ ಬದಲಿಸಿದ್ದೇನೆ, ಕಾಯಿಲೆಯ ಕಥೆಯನ್ನು ಬದಲಿಸಿಲ್ಲ.

ಎರಡು ಮೂರು ತಿಂಗಳಲ್ಲಿ ತೂಕ ಇಳಿದಿತ್ತು. ಬಲ ಪಕ್ಕೆಯ ಕೆಳಗೆ ಭಾರ ಅನಿಸುತ್ತಿತ್ತು. ಗ್ಯಾಸ್ ಅಂತ ಗುಳಿಗೆ ನುಂಗಿದ್ದರು. ಕೊನೆಗೆ ಹಾವೇರಿಯಲ್ಲಿ ಹೊಟ್ಟೆ ಸ್ಕ್ಯಾನ್ ಮಾಡಿಸಿದಾಗ ಲಿವರ್‌ನಲ್ಲಿ ಗಡ್ಡೆ ಕಂಡಿತು, ಹುಬ್ಬಳ್ಳಿಗೆ ನಮ್ಮ ಹತ್ತಿರ ಕಳಿಸಿದರು. ಅಷ್ಟರಲ್ಲಿ ಊರಲ್ಲಿ ಮಾತು ಶುರುವಾಗಿತ್ತಂತೆ: "ಕುಡೀತಿದ್ದನೇನು?" ಅವರು ಒಂದು ದಿನವೂ ಕುಡಿದವರಲ್ಲ. ಲಿವರ್ ಕೆಟ್ಟರೆ ಹೆಂಡವೇ ಕಾರಣ ಅನ್ನೋ ನಂಬಿಕೆ ನಮ್ಮ ಕಡೆ ಎಷ್ಟು ಗಟ್ಟಿಯಾಗಿದೆ ಅಂದರೆ, ಮನೆಯವರು ನನ್ನ ಮುಂದೆ ಕೂತು ಮೊದಲು ಹೇಳಿದ್ದೇ ಅದನ್ನು.

ಕಾರಣ ಬೇರೆ ಇತ್ತು. ಬಹಳ ವರ್ಷದ ಹಿಂದೆ ರಕ್ತದಾನ ಶಿಬಿರದಲ್ಲಿ ಅವರಿಗೆ "ಹೆಪಟೈಟಿಸ್ ಬಿ ಇದೆ, ನೀವು ರಕ್ತ ಕೊಡೋ ಹಾಗಿಲ್ಲ" ಅಂದಿದ್ದರು. ರಕ್ತ ಕೊಡಬಾರದು ಅನ್ನೋದಷ್ಟೇ ಇವರಿಗೆ ಅರ್ಥವಾಗಿತ್ತು. ಆ ವೈರಸ್ ಇಷ್ಟು ವರ್ಷ ಒಳಗೇ ಕೂತು ಲಿವರ್ ಅನ್ನು ಗಟ್ಟಿ ಮಾಡಿತ್ತು, ಅಂದರೆ ಸಿರೋಸಿಸ್. ಜೊತೆಗೆ ಇನ್ನೊಂದು ಸಂಶಯ ನನಗಿತ್ತು. ಒಳ್ಳೆ ಶೇಂಗಾ ಮಾರಿ, ಸುಕ್ಕಿದ್ದು, ಮುಗ್ಗಿದ್ದು ಮನೆಯ ಶೇಂಗಾ ಹಿಂಡಿಗೆ (ಚಟ್ನಿಪುಡಿಗೆ) ಇಟ್ಟುಕೊಳ್ಳೋದು ಅವರ ಮನೆಯ ರೂಢಿ. ಅಂಥ ಕಾಳಿನಲ್ಲಿ ಬೆಳೆಯುವ ಬೂಸ್ಟು ಅಫ್ಲಾಟಾಕ್ಸಿನ್ ಅನ್ನೋ ವಿಷ ಬಿಡುತ್ತದೆ. 1994ರಲ್ಲಿ ಪ್ರಕಟವಾದ ಶಾಂಘೈ ಅಧ್ಯಯನದಲ್ಲಿ, ಬರೀ ಅಫ್ಲಾಟಾಕ್ಸಿನ್ ಇದ್ದವರಿಗೆ ಲಿವರ್ ಕ್ಯಾನ್ಸರ್ ಅಪಾಯ ಸುಮಾರು 3 ಪಟ್ಟು, ಬರೀ ಹೆಪಟೈಟಿಸ್ ಬಿ ಇದ್ದವರಿಗೆ 7 ಪಟ್ಟು, ಎರಡೂ ಸೇರಿದವರಿಗೆ 59 ಪಟ್ಟು ಇತ್ತು. ಇವರ ವಿಷಯದಲ್ಲಿ ಶೇಂಗಾದ ಪಾಲು ಎಷ್ಟು ಅಂತ ಸಾಬೀತು ಮಾಡಲು ಈಗ ದಾರಿ ಇಲ್ಲ. ಆದರೂ ಆ ಕಾಳು ತಿಪ್ಪೆಗೆ ಹೋಗಲಿ ಅಂತ ಹೇಳಿದೆ.

ಸಿ.ಟಿ. ಸ್ಕ್ಯಾನ್‌ನಲ್ಲಿ ಬಲಭಾಗದಲ್ಲಿ 6.5 ಸೆಂಟಿಮೀಟರ್ ಗಡ್ಡೆ, ಪಕ್ಕದಲ್ಲೇ ಎರಡು ಸಣ್ಣವು. ಡೈ ಹೋದ ಮೊದಲ ಕೆಲವು ಸೆಕೆಂಡಿನಲ್ಲಿ ಗಡ್ಡೆ ಬೆಳ್ಳಗೆ ಹೊಳೆಯಿತು, ಆಮೇಲೆ ಸುತ್ತಲಿನ ಲಿವರ್‌ಗಿಂತ ಮಂಕಾಯಿತು. ಸಿರೋಸಿಸ್ ಇದ್ದವರಲ್ಲಿ ಈ ಚಿತ್ರ ಕಂಡರೆ ಅದು ಲಿವರ್ ಕ್ಯಾನ್ಸರ್ ಅಂತಲೇ ಅರ್ಥ, ಸೂಜಿ ಹಾಕಿ ತುಣುಕು ತೆಗೆದು ನೋಡುವ ಅಗತ್ಯ ಸಾಮಾನ್ಯವಾಗಿ ಇರೋದಿಲ್ಲ. ಲಿವರ್ ಕ್ಯಾನ್ಸರ್‌ನಲ್ಲಿ ರಕ್ತದಲ್ಲಿ ಏರುವ ಎಎಫ್‌ಪಿ ಅನ್ನೋ ಪ್ರೋಟೀನ್ 1,100. ಕಾಮಣಿಯಲ್ಲಿ ಏರುವ ಹಳದಿ ಅಂಶ ಬಿಲಿರುಬಿನ್ 1.4, ಲಿವರ್ ತಯಾರಿಸುವ ಪ್ರೋಟೀನ್ ಅಲ್ಬುಮಿನ್ 3.3, ಹೊಟ್ಟೆಯಲ್ಲಿ ನೀರಿಲ್ಲ. ಲಿವರ್ ಎಷ್ಟು ತಾಳುತ್ತದೆ ಅಂತ ಅಳೆಯುವ ಚೈಲ್ಡ್-ಪ್ಯೂ ಲೆಕ್ಕದಲ್ಲಿ 6 ಅಂಕ, ಅಂದರೆ 'ಎ' ದರ್ಜೆ. ಪ್ಲೇಟ್‌ಲೆಟ್ ಕಡಿಮೆ, 92 ಸಾವಿರ ಇತ್ತು, ಗಡ್ಡೆ ಮೂರು ಇದ್ದವು, ಹಾಗಾಗಿ ಆಪರೇಷನ್ ಮಾತು ಬಿಟ್ಟೆವು. ಟೇಸ್ ಮಾಡೋದು ಅಂತ ತೀರ್ಮಾನವಾಯಿತು. ಗಡ್ಡೆಗೆ ಹೋಗುವ ರಕ್ತನಾಳದೊಳಗೇ ಡಾಕ್ಸೊರುಬಿಸಿನ್ ಅನ್ನೋ ಕೀಮೋ ಔಷಧಿ ಬಿಟ್ಟು, ಆ ನಾಳವನ್ನು ಮುಚ್ಚುವ ಚಿಕಿತ್ಸೆ ಅದು. ವೈರಸ್‌ಗೆ ಎಂಟೆಕಾವಿರ್ ಗುಳಿಗೆ ಅವತ್ತೇ ಶುರು ಮಾಡಿದೆವು, ಯಾಕಂದರೆ ಕೀಮೋ ಕೊಟ್ಟಾಗ ಹೆಪಟೈಟಿಸ್ ಬಿ ಕೆರಳುವುದುಂಟು.

ಬೇರೆ ಏನಾದರೂ ಔಷಧಿ ತಗೋತೀರಾ ಅಂತ ಕೇಳಿದಾಗ "ಏನೂ ಇಲ್ರೀ ಸಾಹೇಬ್ರ" ಅಂದರು.

ಬಿಲಿರುಬಿನ್ 3.2

"ಮೆಣಸಿನಕಾಯಿ ಬಿಡಿಸೋದು ಮುಗೀಲಿ, ಬರ್ತೀವಿ" ಅಂತ ಹೋದವರು ಆರು ವಾರ ಬಿಟ್ಟು ಬಂದರು. ಕಣ್ಣು ಹಳದಿಯಾಗಿತ್ತು. ಬಿಲಿರುಬಿನ್ 3.2, ಲಿವರ್ ಕೋಶ ಕೆಟ್ಟಾಗ ರಕ್ತಕ್ಕೆ ಸೇರುವ ಎಎಲ್‌ಟಿ ಮೊದಲಿದ್ದ 70ರಿಂದ 400ರ ಮೇಲೆ ಹೋಗಿತ್ತು. ಚೈಲ್ಡ್-ಪ್ಯೂ 8 ಅಂಕಕ್ಕೆ ಏರಿ 'ಬಿ' ದರ್ಜೆ ಆಯಿತು. ಈ ಸ್ಥಿತಿಯಲ್ಲಿ ಟೇಸ್ ಮಾಡಿದರೆ ಗಡ್ಡೆ ಸಾಯುವ ಮೊದಲು ಲಿವರ್ ಕೈಕೊಡುತ್ತದೆ. ಅವತ್ತಿನ ಕೆಲಸ ರದ್ದು ಮಾಡಿದೆವು.

ಮೊದಲ ಅನುಮಾನ ವೈರಸ್ ಮೇಲೆ. ಆದರೆ ವೈರಸ್ ಎಣಿಕೆ ಲಕ್ಷಗಳಿಂದ ಸಾವಿರಗಳಿಗೆ ಇಳಿದಿತ್ತು, ಗುಳಿಗೆ ತನ್ನ ಕೆಲಸ ಮಾಡುತ್ತಿತ್ತು. ಗಡ್ಡೆ ಪಿತ್ತನಾಳ ಒತ್ತಿರಲಿಲ್ಲ, ಪೋರ್ಟಲ್ ನಾಳದಲ್ಲಿ ಹೆಪ್ಪುಗಟ್ಟಿರಲಿಲ್ಲ. ಹಾಗಾದರೆ ಇದೇನು?

ಉತ್ತರ ಅವರ ಅಣ್ಣನ ಮಗಳ ಬ್ಯಾಗಿನಲ್ಲಿತ್ತು. ಧಾರವಾಡದಲ್ಲಿ ಬಯೋಟೆಕ್ನಾಲಜಿ ಎಂಎಸ್ಸಿ ಮಾಡಿದ ಹುಡುಗಿ. ನಾಲ್ಕೈದು ಸಂಶೋಧನಾ ಪೇಪರ್‌ಗಳ ಪ್ರಿಂಟ್ ತಂದಿದ್ದಳು, ಹಳದಿ ಗೆರೆ ಎಳೆದು. "ಸರ್, ಕರ್ಕ್ಯುಮಿನ್ ಕೊಟ್ಟರೆ ಲಿವರ್ ಕ್ಯಾನ್ಸರ್ ಸೆಲ್ಲು ಡಾಕ್ಸೊರುಬಿಸಿನ್‌ಗೆ ಜಾಸ್ತಿ ಸ್ಪಂದಿಸ್ತಾವಂತ. ಕಾಕಾಗೆ ಎರಡು ಹೊತ್ತು ಕೊಡಾಕತ್ತೀವಿ. ಡೋಸ್ ಜಾಸ್ತಿ ಮಾಡಬಹುದಾ?" ಬ್ಯಾಗಿನಿಂದ ಡಬ್ಬಿ ತೆಗೆದು ಟೇಬಲ್ ಮೇಲಿಟ್ಟಳು. ಅರಿಶಿನದ ಸಾರ, ಅಂದರೆ ಕರ್ಕ್ಯುಮಿನ್, ಮತ್ತು ಕರಿಮೆಣಸಿನ ಪೈಪರಿನ್ ಸೇರಿದ ಕ್ಯಾಪ್ಸೂಲ್. ಹಾವೇರಿಯ ಸ್ಕ್ಯಾನ್ ಆದ ವಾರದಿಂದಲೇ ಶುರು ಮಾಡಿದ್ದರು. ಜೊತೆಗೆ ಬೆಳಗ್ಗೆ ಅಮೃತಬಳ್ಳಿ ಕಷಾಯ.

ಮೊದಲೇ ಯಾಕೆ ಹೇಳಲಿಲ್ಲ ಅಂದರೆ, "ಅರಿಶಿನ ಔಷಧಿ ಅಂತ ಅನಿಸಲೇ ಇಲ್ಲ ಸರ್" ಅಂದಳು. ಸುಳ್ಳಲ್ಲ. ಒಗ್ಗರಣೆಗೆ ಹಾಕೋ ಪದಾರ್ಥವನ್ನು ಯಾರು ಔಷಧಿಯ ಪಟ್ಟಿಗೆ ಸೇರಿಸುತ್ತಾರೆ?

ಆ ಪೇಪರ್‌ಗಳು ಹೇಳೋದು ಏನು

ಅವಳನ್ನು ಸುಮ್ನೆ ಗದರಿಸಿ ಕಳಿಸಬಹುದಿತ್ತು. ಆದರೆ ಅವಳು ವಾಟ್ಸಾಪ್ ನೋಡಿ ಬಂದವಳಲ್ಲ. ಎಂಎಸ್ಸಿ ಪ್ರಾಜೆಕ್ಟಿನಲ್ಲಿ ಇದೇ ಪ್ರಯೋಗವನ್ನು ತಾನೇ ಮಾಡಿದ್ದಳು. 96 ಕುಳಿಗಳ ಪ್ಲೇಟು. ಪ್ರತಿ ಕುಳಿಯಲ್ಲೂ ಲಿವರ್ ಗಡ್ಡೆಯ ಜೀವಕೋಶ. ಒಂದು ಸಾಲಿಗೆ ಬರೀ ಡಾಕ್ಸೊರುಬಿಸಿನ್, ಇನ್ನೊಂದಕ್ಕೆ ಕರ್ಕ್ಯುಮಿನ್ ಸೇರಿಸಿ. ಎರಡು ಮೂರು ದಿನ ಬಿಟ್ಟು ಎಂಟಿಟಿ ಅನ್ನೋ ಹಳದಿ ದ್ರವ ಹಾಕಬೇಕು. ಬದುಕಿದ ಕೋಶ ಅದನ್ನು ನೇರಳೆ ಮಾಡುತ್ತದೆ, ಸತ್ತದ್ದು ಮಾಡೋದಿಲ್ಲ. ಕರ್ಕ್ಯುಮಿನ್ ಇದ್ದ ಸಾಲಿನಲ್ಲಿ ನೇರಳೆ ಬೇಗ ಮಾಸಿತ್ತು. ಅರ್ಧದಷ್ಟು ಕೋಶ ಸಾಯಿಸಲು ಬೇಕಾದ ಕೀಮೋ ಪ್ರಮಾಣ ಚೆನ್ನಾಗಿಯೇ ಇಳಿದಿತ್ತು. ಪೋಟೋ ಫೋನಿನಲ್ಲಿ ಇಟ್ಟುಕೊಂಡಿದ್ದಳು, ತೋರಿಸಿದಳು. ಪ್ರಯೋಗ ಸರಿಯಾಗಿತ್ತು.

ಕೋಶಗಳು ಕೀಮೋಗೆ ಬಗ್ಗದಿರೋದಕ್ಕೆ ಕಾರಣಗಳು ಹಲವು. ಅದರಲ್ಲಿ ಹಳೆಯದು, ಚೆನ್ನಾಗಿ ಗೊತ್ತಿರೋದು, ಪಿ-ಗ್ಲೈಕೊಪ್ರೋಟೀನ್ ಅನ್ನೋ ಪಂಪು. 1976ರಲ್ಲಿ ಜೂಲಿಯಾನೊ ಮತ್ತು ಲಿಂಗ್ ಅನ್ನುವವರು ಇದನ್ನು ಗುರುತಿಸಿದರು. ಬಾವಿಗೆ ನೀರು ಬಂದ ಹಾಗೆಲ್ಲ ಎತ್ತಿ ಹೊರಗೆ ಹಾಕುವ ಮೋಟರಿನ ಹಾಗೆ, ಒಳಗೆ ಬಂದ ಔಷಧಿಯನ್ನು ಕೋಶದ ಗೋಡೆಯಿಂದ ಆಚೆಗೆ ತಳ್ಳುತ್ತದೆ. ಲಿವರ್‌ನ ಕಸುಬೇ ವಿಷ ಹೊರಹಾಕೋದು ಅಲ್ವಾ? ಹಾಗಾಗಿ ಲಿವರ್ ಕೋಶಕ್ಕೆ ಈ ಪಂಪು, ವಿಷ ಮುರಿಯುವ ಕಿಣ್ವ, ಗ್ಲುಟಾಥಯೋನ್ ಎಲ್ಲ ಹುಟ್ಟಿನಿಂದಲೇ ಇವೆ. ಅದು ಕ್ಯಾನ್ಸರ್ ಆದಾಗ ಈ ಆಸ್ತಿಯನ್ನೂ ಜೊತೆಗೆ ಒಯ್ಯುತ್ತದೆ. ಬೇರೆ ಎಷ್ಟೋ ಕ್ಯಾನ್ಸರ್‌ಗಳು ಕೀಮೋ ಕೊಟ್ಟ ಮೇಲೆ ನಿರೋಧ ಕಲಿಯುತ್ತವೆ. ಲಿವರ್ ಕ್ಯಾನ್ಸರ್ ಮೊದಲೇ ಕಲಿತು ಬಂದಿರುತ್ತದೆ.

ಕರ್ಕ್ಯುಮಿನ್ ಆ ಪಂಪನ್ನು ತಗ್ಗಿಸುತ್ತದೆ, ಕೋಶವನ್ನು ಸಾಯದಂತೆ ಕಾಯುವ ಎನ್‌ಎಫ್-ಕಪ್ಪಾ-ಬಿ ಅನ್ನೋ ಸಂಕೇತವನ್ನೂ ಅದುಮುತ್ತದೆ. ಪ್ಲೇಟಿನಲ್ಲಿ ಇದೆಲ್ಲ ನಿಜ. ತೊಡಕು ಇರೋದು ಪ್ಲೇಟಿನಿಂದ ಮನುಷ್ಯನಿಗೆ ಬರುವ ದಾರಿಯಲ್ಲಿ.

"ಎಷ್ಟು ಹಾಕಿದ್ದೆ?" ಅಂದೆ. "ಇಪ್ಪತ್ತು ಮೈಕ್ರೋಮೋಲಾರ್ ಸರ್." ಬಾಯಿಂದ ನುಂಗಿದರೆ ರಕ್ತದಲ್ಲಿ ಅಷ್ಟು ಸಿಗುತ್ತದಾ? 2001ರಲ್ಲಿ ತೈವಾನಿನ ವೈದ್ಯರು ದಿನಕ್ಕೆ 8 ಗ್ರಾಂ ಕರ್ಕ್ಯುಮಿನ್ ಕೊಟ್ಟು ಅಳೆದಾಗ, ರಕ್ತದಲ್ಲಿ ಕಂಡ ಸರಾಸರಿ ಗರಿಷ್ಠ ಮಟ್ಟ 1.8 ಮೈಕ್ರೋಮೋಲಾರ್ ಕೂಡ ದಾಟಲಿಲ್ಲ. 8 ಗ್ರಾಂ ಅಂದರೆ ಅರಿಶಿನ ಪುಡಿಯಲ್ಲ, ಬರೀ ಸಾರ. ಕರುಳು ಮತ್ತು ಲಿವರ್ ಸೇರಿ ಅದನ್ನು ಬದಲಿಸಿ ಹೊರಗೆ ಕಳಿಸುತ್ತವೆ.

ಪೈಪರಿನ್ ಸೇರಿಸೋದು ಇದಕ್ಕೇ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ, ರಕ್ತಕ್ಕೆ ಸೇರುವ ಪ್ರಮಾಣ 20 ಪಟ್ಟು ಏರಿತು. ಇವತ್ತು ಅಂಗಡಿಯಲ್ಲಿ ಸಿಗುವ ಎಷ್ಟೋ ಡಬ್ಬಿಗಳು ಆ ಒಂದು ಲೆಕ್ಕದ ಮೇಲೆ ನಿಂತಿವೆ. ಆದರೆ ಪೈಪರಿನ್ ಹೇಗೆ ಕೆಲಸ ಮಾಡುತ್ತದೆ? ವಸ್ತುವನ್ನು ಒಡೆದು ಹೊರಹಾಕುವ ಲಿವರ್‌ನ ಕೆಲಸವನ್ನು ಅದು ತಡೆಯುತ್ತದೆ. ಗಟ್ಟಿಮುಟ್ಟು ಲಿವರ್ ಇದ್ದವರಲ್ಲೇ ಇದು ತೊಂದರೆ ಕೊಟ್ಟದ್ದಿದೆ. 2022ರಲ್ಲಿ ಅಮೆರಿಕದ ಔಷಧ-ಲಿವರ್ ಹಾನಿ ಜಾಲದವರು ಅರಿಶಿನದ ಸಾರದಿಂದ ಲಿವರ್ ಕೆಟ್ಟ 10 ಜನರನ್ನು ವರದಿ ಮಾಡಿದರು, ಒಬ್ಬರು ತೀರಿಕೊಂಡಿದ್ದರು. ಅಮೃತಬಳ್ಳಿಯದೂ ಹಾಗೇ. ಕೋವಿಡ್ ಕಾಲದಲ್ಲಿ ಅದನ್ನು ಕುಡಿದು ಲಿವರ್ ಕೆಡಿಸಿಕೊಂಡ 6 ಜನರ ಬಗ್ಗೆ ಮುಂಬೈ ವೈದ್ಯರು 2021ರಲ್ಲಿ ಬರೆದರು. ಸಾರಿಗೆ ಹಾಕೋ ಚಿಟಿಕೆ ಅರಿಶಿನಕ್ಕೂ ಇದಕ್ಕೂ ಸಂಬಂಧವಿಲ್ಲ. ಊಟದ ಅರಿಶಿನ ಬಿಡಿ ಅಂತ ನಾನು ಯಾರಿಗೂ ಹೇಳೋದಿಲ್ಲ.

ಇನ್ನೊಂದು ಸಂಗತಿ ಅವಳಿಗೆ ಗೊತ್ತಿರಲಿಲ್ಲ. ಅವಳು ಬಳಸಿದ ಕೋಶ ಹೆಪ್-ಜಿ2. ಲೋಕದ ಲ್ಯಾಬ್‌ಗಳಲ್ಲಿ ಲಿವರ್ ಕ್ಯಾನ್ಸರ್ ಅಂದರೆ ಹೆಚ್ಚಾಗಿ ಇದನ್ನೇ ಬೆಳೆಸುತ್ತಾರೆ. ಅದು ಅರ್ಜೆಂಟೀನಾದ 15 ವರ್ಷದ ಹುಡುಗನ ಗಡ್ಡೆಯಿಂದ 1970ರ ದಶಕದಲ್ಲಿ ತೆಗೆದದ್ದು. ದೊಡ್ಡವರಿಗೆ ಬರುವ ಲಿವರ್ ಕ್ಯಾನ್ಸರ್ ಅಲ್ಲ, ಮಕ್ಕಳಲ್ಲಿ ಕಾಣುವ ಹೆಪಟೊಬ್ಲಾಸ್ಟೋಮಾ ಅಂತ 2009ರಲ್ಲಿ ಹಳೆಯ ದಾಖಲೆ ನೋಡಿ ತಿದ್ದಿದರು. ಅದರಲ್ಲಿ ಹೆಪಟೈಟಿಸ್ ಬಿ ಇಲ್ಲ, ಸುತ್ತ ಸಿರೋಸಿಸ್ ಇಲ್ಲ, ಮೆಣಸಿನಕಾಯಿ ಬಿಡಿಸಿ ದಣಿದ ಕಾಕಾ ಇಲ್ಲ.

ಅವಳ ಮುಂದಿನ ಪ್ರಶ್ನೆ ಜಾಣತನದ್ದು. "ಹಂಗಾದ್ರ ಕರ್ಕ್ಯುಮಿನ್ ಬ್ಯಾಡ್ರೀ, ಪಂಪನ್ನೇ ನೇರವಾಗಿ ಬಂದ್ ಮಾಡೋ ಔಷಧಿ ಕೊಟ್ರೆ?" ಅದನ್ನೂ ಮಾಡಿ ನೋಡಿದ್ದಾರೆ. ಬಿಪಿಗೆ ಕೊಡುವ ವೆರಾಪಮಿಲ್ ಈ ಪಂಪನ್ನು ನಿಲ್ಲಿಸಿ ಕೀಮೋ ಕೆಲಸ ಮಾಡಿಸುತ್ತದೆ ಅಂತ 1981ರಲ್ಲೇ ಜಪಾನಿನ ತ್ಸುರುವೊ ತೋರಿಸಿದ್ದರು. ಆದರೆ ಅಷ್ಟು ಡೋಸ್ ಮನುಷ್ಯನಿಗೆ ಕೊಟ್ಟರೆ ಹೃದಯದ ಬಡಿತ ಕೆಡುತ್ತದೆ. ಆಮೇಲೆ ಪಂಪಿಗೆಂದೇ ವಾಲ್ಸ್ಪೊಡಾರ್ ಬಂತು, ಅದೂ ಸೋತಿತು. ಆ ಪಂಪು ಗಡ್ಡೆಯಲ್ಲಿ ಮಾತ್ರ ಇಲ್ಲ. ಲಿವರ್‌ನಿಂದ ಪಿತ್ತಕ್ಕೆ ಔಷಧಿ ಇಳಿಸುವ ಬಾಗಿಲಲ್ಲೂ, ಕರುಳಲ್ಲೂ, ಮೆದುಳಿನ ರಕ್ತನಾಳದ ಗೋಡೆಯಲ್ಲೂ ಇದೆ. ಡಾಕ್ಸೊರುಬಿಸಿನ್ ಮೈಯಿಂದ ಹೊರಗೆ ಹೋಗೋದು ಹೆಚ್ಚಾಗಿ ಪಿತ್ತದ ದಾರಿಯಲ್ಲೇ. ಆ ದಾರಿ ಮುಚ್ಚಿದರೆ ಕೀಮೋ ರಕ್ತದಲ್ಲೇ ಉಳಿದು ಎಲುಬಿನ ಮಜ್ಜೆಯನ್ನೂ ಹೃದಯವನ್ನೂ ಹಿಡಿಯುತ್ತದೆ. ಕೊನೆಗೆ ಕೀಮೋ ಡೋಸನ್ನೇ ಇಳಿಸಬೇಕಾಗುತ್ತದೆ, ಗಳಿಸಿದ್ದು ಅಲ್ಲೇ ಹೋಯಿತು. ಬಿಲಿರುಬಿನ್ 3.2 ಇರುವ ಮನುಷ್ಯನಲ್ಲಿ ಆ ದಾರಿ ಈಗಾಗಲೇ ಅರ್ಧ ಮುಚ್ಚಿದೆ.

ಲಿವರ್ ಕ್ಯಾನ್ಸರ್‌ನ ಕೀಮೋ ಇತಿಹಾಸ ಪೂರ್ತಿ ಇದೇ ಜಗ್ಗಾಟ. 1988ರಲ್ಲಿ ಹಾಂಗ್‌ಕಾಂಗ್‌ನಲ್ಲಿ 60 ರೋಗಿಗಳಿಗೆ ಡಾಕ್ಸೊರುಬಿಸಿನ್ ಕೊಟ್ಟು, 46 ಜನರಿಗೆ ಕೊಡದೆ ಹೋಲಿಸಿ ನೋಡಿದರು. ಕೀಮೋ ಇಲ್ಲದವರು ಬದುಕಿದ್ದು ಸರಾಸರಿ 7.5 ವಾರ, ಕೊಟ್ಟವರು 10.6 ವಾರ. ಅದೂ ಕೊಟ್ಟವರಲ್ಲಿ ಕಾಲುಭಾಗ ಜನ ಔಷಧಿಯ ತೊಂದರೆಯಿಂದಲೇ ಸತ್ತರು. ಕೋಶವನ್ನು ಸೂಕ್ಷ್ಮ ಮಾಡೋದು ಅಂದಾಗ ನಮ್ಮ ವಾರ್ಡಿನಲ್ಲಿ ಅದರ ಅರ್ಥ ಎರಡೇ: ಲಿವರ್‌ಗೆ ಔಷಧಿ ತಾಳುವಷ್ಟು ಬಲ ಇರಬೇಕು, ಔಷಧಿ ಗಡ್ಡೆಯ ಹತ್ತಿರ ಹೋಗಬೇಕು. ಮೂರನೆಯದು, ಅಂದರೆ ಕೋಶದ ಪಂಪನ್ನೇ ತಗ್ಗಿಸೋದು, ಇನ್ನೂ ಲ್ಯಾಬಿನಲ್ಲಿದೆ.

ಕ್ಯಾಪ್ಸೂಲ್, ಕಷಾಯ ಎರಡೂ ನಿಂತವು. ಹುಡುಗಿಗಿಂತ ಅವಳ ಚಿಗವ್ವನನ್ನು, ಅಂದರೆ ರೋಗಿಯ ಹೆಂಡತಿಯನ್ನು, ಒಪ್ಪಿಸೋದು ಕಷ್ಟವಾಯಿತು, ಕಷಾಯ ಅವರ ಕೈಯದು. "ಕಹಿ ಕುಡಿದ್ರ ರಕ್ತ ಶುದ್ಧ ಆಗ್ತದಂತ್ರೀ" ಅಂತ ಎರಡು ಸಲ ಅಂದರು. ಯಜಮಾನರೇ ನಡುವೆ ಬಂದು, "ನನಗೂ ಅದು ಸೇರ್ತಿರಲಿಲ್ಲ, ಬಿಡು" ಅಂದರು. ಎಂಟೆಕಾವಿರ್ ಮುಂದುವರಿಯಿತು. ಐದನೆಯ ವಾರಕ್ಕೆ ಬಿಲಿರುಬಿನ್ 1.6, ಎಎಲ್‌ಟಿ 80ರ ಆಸುಪಾಸು. ವೈರಸ್ ಇಳಿಯುತ್ತಿರುವಾಗಲೇ ಕಾಮಣಿ ಏರಿದ್ದು, ಡಬ್ಬಿ ನಿಂತ ಮೇಲೆ ಇಳಿದದ್ದು, ಎರಡನ್ನೂ ಸೇರಿಸಿ ನೋಡಿ ಕ್ಯಾಪ್ಸೂಲಿನ ಮೇಲೆ ಹೊಣೆ ಹೊರಿಸಿದೆ. ಮತ್ತೆ ಕೊಟ್ಟು ಪರೀಕ್ಷೆ ಮಾಡುವ ವಿಷಯ ಇದಲ್ಲ.

ಗಸಗಸೆ ಎಣ್ಣೆ, ಕೆಂಪು ಔಷಧಿ

ಟೇಸ್ ದಿನ ರೋಗಿ ಎಚ್ಚರವಾಗಿಯೇ ಇರುತ್ತಾರೆ. ತೊಡೆಸಂದಿಗೆ ಮರಗಟ್ಟಿಸುವ ಸೂಜಿ, ಅಲ್ಲಿಂದ ಧಮನಿಯೊಳಗೆ ತೆಳುವಾದ ನಳಿಗೆ. ಅದು ಮೇಲೇರಿ ಲಿವರ್‌ನ ಧಮನಿಗೆ ತಿರುಗುತ್ತದೆ, ಅದರೊಳಗಿಂದ ಇನ್ನೂ ಸಣ್ಣದೊಂದು ನಳಿಗೆ ಗಡ್ಡೆಯ ಕೊಂಬೆಗೆ ಹೋಗುತ್ತದೆ. ಈ ಉಪಾಯ ನಿಂತಿರೋದು ಒಂದು ಅಂಗರಚನೆಯ ಮೇಲೆ. ಒಳ್ಳೆಯ ಲಿವರ್‌ಗೆ ಸುಮಾರು ಮುಕ್ಕಾಲು ಪಾಲು ರಕ್ತ ಕರುಳಿನಿಂದ ಬರುವ ಪೋರ್ಟಲ್ ನಾಳದಿಂದ. ಗಡ್ಡೆ ಮಾತ್ರ ಬಹುತೇಕ ಧಮನಿಯನ್ನೇ ನಂಬಿ ಬದುಕುತ್ತದೆ. ಸಿ.ಟಿ.ಯಲ್ಲಿ ಮೊದಲು ಹೊಳೆದದ್ದೂ ಅದಕ್ಕೇ. ಹಾಗಾಗಿ ಧಮನಿಯಲ್ಲಿ ಔಷಧಿ ಬಿಟ್ಟರೆ ಗಡ್ಡೆಗೆ ಬಹುಪಾಲು, ಲಿವರ್‌ಗೆ ಅಲ್ಪಪಾಲು.

ಟ್ರಾಲಿಯ ಮೇಲೆ ಎರಡು ಸಿರಿಂಜು, ನಡುವೆ ಮೂರು ಬಾಯಿಯ ಪ್ಲಾಸ್ಟಿಕ್ ಕೊಳಾಯಿ. ಒಂದರಲ್ಲಿ ಡಾಕ್ಸೊರುಬಿಸಿನ್, ಕೆಂಪು ಬಣ್ಣ. ಇನ್ನೊಂದರಲ್ಲಿ ಲಿಪಿಯಡಾಲ್, ಹೊನ್ನಿನ ಬಣ್ಣದ ಎಣ್ಣೆ. ಅಯೋಡಿನ್ ಸೇರಿಸಿದ ಗಸಗಸೆ ಎಣ್ಣೆ ಅದು. ತಂತ್ರಜ್ಞೆ ಎರಡೂ ಹೆಬ್ಬೆರಳಿಂದ ಆ ಕಡೆ ಈ ಕಡೆ ತಳ್ಳುತ್ತಾ ಹೋದಳು, ಎಣ್ಣೆಯೂ ನೀರೂ ಬೆರೆತು ದಟ್ಟ ಗುಲಾಬಿ ಬಣ್ಣಕ್ಕೆ ಬರುವ ತನಕ. ಗಡ್ಡೆ ಈ ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಎಣ್ಣೆ ಔಷಧಿಯನ್ನು. ಕೊನೆಗೆ ಸ್ಪಂಜಿನಂಥ ಜೆಲ್‌ಫೋಮ್ ತುಣುಕು ಬಿಟ್ಟು ಕೊಂಬೆ ಮುಚ್ಚಿದರು. ಪರದೆಯ ಮೇಲೆ ಗಡ್ಡೆ ಕಪ್ಪಗೆ ಕಲೆಗಟ್ಟಿದ್ದು ಕಾಣುತ್ತಿತ್ತು. ಯಜಮಾನರು ಅದನ್ನೇ ನೋಡುತ್ತಾ, "ಅದರೊಳಗ ಹೋತೇನ್ರೀ?" ಅಂದರು.

ಪಂಪು ಆಗಲೂ ಇರುತ್ತದೆ. ಆದರೆ ಔಷಧಿಯ ಮಟ್ಟ ಅಷ್ಟು ಏರಿ, ರಕ್ತದ ಹರಿವು ನಿಂತು, ಔಷಧಿ ಅಲ್ಲೇ ಉಳಿದಾಗ ಪಂಪು ಎಷ್ಟು ಅಂತ ಎತ್ತಿ ಹಾಕೀತು. 2002ರಲ್ಲಿ ಬಾರ್ಸಿಲೋನಾ ಮತ್ತು ಹಾಂಗ್‌ಕಾಂಗ್‌ನ ಎರಡು ಅಧ್ಯಯನಗಳು ಟೇಸ್‌ನಿಂದ ಆಯಸ್ಸು ಉದ್ದವಾಗುತ್ತದೆ ಅಂತ ತೋರಿಸಿದವು. ಬಾರ್ಸಿಲೋನಾದವರು ಬಳಸಿದ್ದು, ರಕ್ತನಾಳದಿಂದ ಮೈಗೆಲ್ಲ ಕೊಟ್ಟಾಗ ಸೋತ ಅದೇ ಡಾಕ್ಸೊರುಬಿಸಿನ್. ಹಾಂಗ್‌ಕಾಂಗ್‌ನವರದು ಸಿಸ್ಪ್ಲಾಟಿನ್ ಅನ್ನೋ ಇನ್ನೊಂದು ಕೀಮೋ. ಚೀನಾದವರು ಫೋಲ್ಫಾಕ್ಸ್ ಅನ್ನೋ ಬೇರೆ ಕೀಮೋವನ್ನು ದೊಡ್ಡ ಗಡ್ಡೆಗಳಿಗೆ ಧಮನಿಯಿಂದಲೇ ಕೊಟ್ಟು, 2022ರಲ್ಲಿ ಟೇಸ್‌ಗಿಂತ ಒಳ್ಳೆಯ ಫಲ ತೋರಿಸಿದರು: 16.1 ತಿಂಗಳಿಗೆ ಎದುರಾಗಿ 23.1 ತಿಂಗಳು.

ಮೂರು ನಾಲ್ಕು ದಿನ ಜ್ವರ, ಹೊಟ್ಟೆನೋವು, ಓಕರಿಕೆ. ಇದು ನಿರೀಕ್ಷಿತವೇ. ಬಿಲಿರುಬಿನ್ 2.1ರ ತನಕ ಹೋಗಿ ಮರಳಿತು. ಇದನ್ನೇ ಮೊದಲ ತಾರೀಖಿಗೆ, 3.2 ಇದ್ದಾಗ ಮಾಡಿದ್ದರೆ ಎಲ್ಲಿಗೆ ಹೋಗಿ ನಿಲ್ಲುತ್ತಿತ್ತೋ.

ತಿಂಗಳ ಮೇಲಿನ ಸಿ.ಟಿ.ಯಲ್ಲಿ ದೊಡ್ಡ ಗಡ್ಡೆಯ ಮೂರರಲ್ಲಿ ಎರಡು ಪಾಲು ಸತ್ತಿತ್ತು. ಸಣ್ಣವೆರಡರಲ್ಲಿ ಒಂದು ಪೂರ್ತಿ ತಣ್ಣಗಾಗಿತ್ತು, ಇನ್ನೊಂದು ಹಾಗೇ ಹೊಳೆಯುತ್ತಿತ್ತು. ಎಎಫ್‌ಪಿ 300ಕ್ಕೆ ಇಳಿದಿತ್ತು. ಎರಡನೆಯ ಟೇಸ್ ಆಯಿತು, ದೊಡ್ಡದರ ಒಂದು ಅಂಚು ಇನ್ನೂ ಬದುಕಿದೆ.

ಆ ಅಂಚು ಯಾಕೆ ಬದುಕಿತು ಅನ್ನೋದಕ್ಕೂ ಕಾರಣವಿದೆ. ರಕ್ತ ನಿಲ್ಲಿಸಿದಾಗ ಆಮ್ಲಜನಕ ಸಿಗದೆ ಬಹಳ ಕೋಶ ಸಾಯುತ್ತವೆ. ಅರೆಜೀವ ಉಳಿದವು ಹಿಫ್-1 ಅನ್ನೋ ಸ್ವಿಚ್ ಹಾಕಿಕೊಂಡು, ಹೊಸ ರಕ್ತನಾಳ ಕರೆಯುವ ವಿಇಜಿಎಫ್ ಬಿಡುತ್ತವೆ, ಆ ಪಂಪನ್ನೂ ಹೆಚ್ಚಿಸಿಕೊಳ್ಳುತ್ತವೆ. ಟೇಸ್ ತಾನೇ ನಿರೋಧವನ್ನು ಬೆಳೆಸುತ್ತದೆ ಅಂದ ಹಾಗಾಯಿತು. ಹಾಗಾಗಿ ಟೇಸ್ ಜೊತೆ ವಿಇಜಿಎಫ್ ತಡೆಯುವ ಗುಳಿಗೆ ಕೊಟ್ಟರೆ ಹೇಗೆ ಅಂತ ಬಹಳ ಕಾಲದಿಂದ ನೋಡುತ್ತಿದ್ದಾರೆ. ಸೊರಾಫೆನಿಬ್ ಸೇರಿಸಿದ ದೊಡ್ಡ ಅಧ್ಯಯನಗಳಲ್ಲಿ ಆಯಸ್ಸಿಗೆ ಲಾಭ ಸಿಗಲಿಲ್ಲ. ಸೊರಾಫೆನಿಬ್‌ಗೆ ಡಾಕ್ಸೊರುಬಿಸಿನ್ ಬೆರೆಸಿ ರಕ್ತನಾಳದಿಂದ ಕೊಟ್ಟು ನೋಡಿದ್ದೂ ಆಯಿತು: 9.3 ತಿಂಗಳು, ಬೆರೆಸದಿದ್ದರೆ 9.4. ತೊಂದರೆ ಮಾತ್ರ ಜಾಸ್ತಿ. ಈಚೆಗೆ ಟೇಸ್ ಜೊತೆ ವಿಇಜಿಎಫ್ ತಡೆಯುವ ಬೆವಾಸಿಜುಮ್ಯಾಬ್ ಮತ್ತು ಮೈಯ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಡುರ್ವಾಲುಮ್ಯಾಬ್ ಇಂಜೆಕ್ಷನ್ ಕೊಟ್ಟಾಗ ಗಡ್ಡೆ ಮತ್ತೆ ಬೆಳೆಯುವ ಕಾಲ 8.2 ತಿಂಗಳಿಂದ 15 ತಿಂಗಳಿಗೆ ಹೋಯಿತು. ಆಸೆ ಹುಟ್ಟಿಸುವ ಲೆಕ್ಕ, ಆದರೆ ಅದರ ಬೆಲೆ ಕೇಳಿ ಮನೆಯವರು ಮಾತು ಬಿಟ್ಟರು. ಸೊರಾಫೆನಿಬ್ ಕೂಡ ಒಂದು ಕಾಲಕ್ಕೆ ಹಾಗೇ ಇತ್ತು, ತಿಂಗಳಿಗೆ 2,80,000 ರೂಪಾಯಿ. 2012ರಲ್ಲಿ ದೇಶದ ಮೊದಲ ಕಡ್ಡಾಯ ಪರವಾನಗಿ (ಪೇಟೆಂಟ್ ಇದ್ದರೂ ಬೇರೆ ಕಂಪನಿ ತಯಾರಿಸಲು ಕೊಡುವ ಅನುಮತಿ) ಕೊಟ್ಟ ಮೇಲೆ ನ್ಯಾಟ್ಕೊ ಕಂಪನಿ ಸುಮಾರು 8,800ಕ್ಕೆ ಮಾರಿತು.

ಹೆಂಡತಿ, ಮಕ್ಕಳ ರಕ್ತ ಪರೀಕ್ಷೆ ಆಗಿದೆ. ದೊಡ್ಡ ಮಗನಿಗೂ ಹೆಪಟೈಟಿಸ್ ಬಿ ಇದೆ, ಅವನು ಈಗ ಆರು ತಿಂಗಳಿಗೊಮ್ಮೆ ಸ್ಕ್ಯಾನ್‌ಗೆ ಬರಬೇಕು. ಉಳಿದವರಿಗೆ ಲಸಿಕೆ ಶುರುವಾಗಿದೆ.

ಯಜಮಾನರ ಬಿಲಿರುಬಿನ್ ಈಗ 1.3, ಚೈಲ್ಡ್-ಪ್ಯೂ ಮತ್ತೆ 'ಎ'. ಉಳಿದ ಅಂಚಿಗೆ ಮೂರನೆಯ ಟೇಸ್ ಮಾಡೋದಾ, ಗುಳಿಗೆಗೆ ಹೋಗೋದಾ ಅನ್ನೋದು ಮುಂದಿನ ಸ್ಕ್ಯಾನ್ ನೋಡಿ. ಅದಕ್ಕೆ ಮೊದಲು ಎಂಡೋಸ್ಕೋಪಿ ಬರೆದಿದ್ದೇನೆ. ಮುಂದೆ ಎಂದಾದರೂ ಬೆವಾಸಿಜುಮ್ಯಾಬ್ ಕೊಡುವ ಹಾಗಾದರೆ, ಅನ್ನನಾಳದಲ್ಲಿ ಉಬ್ಬಿದ ರಕ್ತನಾಳ ಇಲ್ಲ ಅಂತ ಗೊತ್ತಿರಬೇಕು, ಇದ್ದರೆ ಮೊದಲು ಅದಕ್ಕೆ ಬ್ಯಾಂಡ್ ಹಾಕಬೇಕು. ಅಣ್ಣನ ಮಗಳು ಈಗ ಫೈಲ್ ಜೊತೆ ಒಂದು ನೋಟ್‌ಬುಕ್ ತರುತ್ತಾಳೆ, ಮನೆಯಲ್ಲಿ ಕಾಕಾ ನುಂಗಿದ ಪ್ರತಿಯೊಂದನ್ನೂ ಅದರಲ್ಲಿ ಬರೆದಿರುತ್ತಾಳೆ, ಕೆಮ್ಮಿಗೆ ತಗೊಂಡ ಶುಂಠಿಯನ್ನೂ ಬಿಡದೆ.